ಕಾಲ್ಚೆಂಡಾಟವೂ ಅದರ ಪ್ರೇಕ್ಷಕರೂ

ಮೈಸೂರು ಜಿಲ್ಲೆಯ ಸಾಲಿಗ್ರಾಮದ ಆಸುಪಾಸಿನವರಿಗೆ ಜನಸಂದಣಿಯೆಂಬುದು ಹೊಸ ಸಂಗತಿಯೇನೂ ಅಲ್ಲ. ಮಕರಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ಕೋದಂಡರಾಮಸ್ವಾಮಿಯ ತೇರು ಹೊರಡುವ ಕಾಲಕ್ಕೆ ಜೋಡಿ ಎತ್ತುಗಳೊಡನೆ ಬಂದು ಬಯಲಿನಲ್ಲಿ ಬೀಡುಬಿಡುವ ಒಕ್ಕಲುಮಕ್ಕಳನ್ನೂ, ನವರಾತ್ರಿಯ ದಿನಗಳಲ್ಲಿ ಮೈಸೂರಿನ ದೊಡ್ಡಕೆರೆ ಮೈದಾನದ ಕುಸ್ತಿಯ ಅಖಾಡವನ್ನು ಸುತ್ತುವರಿದು ಪೈಲ್ವಾನರ ಒಂದೊಂದು ಪಟ್ಟಿಗೂ ಸಿಳ್ಳೆ ಹಾಕುವ ಮಂದಿಯನ್ನೂ ಕಂಡವರಿಗೆ, ಜನರು ಒಂದೆಡೆ ನೆರೆದಾಗ ಉಂಟಾಗುವ ಉತ್ಸಾಹವಿಶೇಷವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಆದರೆ ನಮ್ಮ ಜಾತ್ರೆಗಳ ಜನವನ್ನು ಎಣಿಸಿಟ್ಟವರಿಲ್ಲ. ಹೋದ ವರುಷಕ್ಕಿಂತ ಈ ವರುಷ ಹೆಚ್ಚೆಂದೋ ಕಡಿಮೆಯೆಂದೋ ಹಿರಿಯರು ಕಣ್ಣಳತೆಯಿಂದ ಹೇಳಿದುದೇ ಅದರ ಲೆಕ್ಕ. ಯೂರೋಪಿನ ದೇಶಗಳಲ್ಲಿ ಕಾಲ್ಚೆಂಡಾಟವನ್ನು, ಎಂದರೆ ನಾವು ಫುಟ್‌ಬಾಲ್ ಎಂದೇ ಕರೆಯುವ ಆಟವನ್ನು, ನೋಡಲು ಬಂದ ಜನದ ವಿಷಯ ಹೀಗಲ್ಲ. ಅಂಗಳದ ಬಾಗಿಲಲ್ಲಿ ಒಬ್ಬೊಬ್ಬರನ್ನೇ ಒಳಬಿಡುವ ತಿರುಗುಗೇಟನ್ನು ನಿಲ್ಲಿಸಿ, ಕಾಸು ತೆಗೆದುಕೊಂಡು, ಅಂದಂದಿನ ಎಣಿಕೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಬಂದ ಕಾರಣ, ನೂರು ವರುಷಗಳಿಗೂ ಮೀರಿದ ಅವಧಿಯ ಲೆಕ್ಕವೊಂದು ಅಲ್ಲಿ ಉಳಿದುಬಂದಿದೆ. ಒಂದು ಜನಸಮುದಾಯದ ದುಡಿಮೆ, ಬಿಡುವು, ಸಂಪಾದನೆ, ಭೀತಿ, ಅಭಿಮಾನ ಇವು ಕಾಲಕಾಲಕ್ಕೆ ಹೇಗೆ ಮಾರ್ಪಟ್ಟವೆಂಬುದನ್ನು ಆ ಲೆಕ್ಕದ ಪುಸ್ತಕಗಳಷ್ಟು ನಿಚ್ಚಳವಾಗಿ ತಿಳಿಸುವ ದಾಖಲೆಗಳು ವಿರಳ.

ಇಂಗ್ಲೆಂಡಿನದನ್ನೇ ಮೊದಲು ನೋಡೋಣ. ಎರಡನೆಯ ಮಹಾಯುದ್ಧ ಮುಗಿದ ಮೂರು ವರುಷಗಳ ತರುವಾಯ, 1948-49ರ ಋತುವಿನಲ್ಲಿ, ಆ ದೇಶದ ಲೀಗ್ ಪಂದ್ಯಗಳ ಪ್ರೇಕ್ಷಕರ ಒಟ್ಟು ಸಂಖ್ಯೆ 4 ಕೋಟಿ 12 ಲಕ್ಷ. 1985-86ರ ಹೊತ್ತಿಗೆ ಅದು ಇಳಿದಿಳಿದು 1 ಕೋಟಿ 65 ಲಕ್ಷಕ್ಕೆ ಬಂದಿತು. ಈ ಶತಮಾನದಲ್ಲಿ ಅದೇ ಸಂಖ್ಯೆ ಮತ್ತೆ ಮೇಲೆದ್ದು 3 ಕೋಟಿಯನ್ನು ದಾಟಿದೆ. ಆಟದ ನಿಯಮಗಳು ಈ ಅವಧಿಯಲ್ಲಿ ಹೇಳಿಕೊಳ್ಳುವಷ್ಟು ಬದಲಾಗಿಲ್ಲ. ಹನ್ನೊಂದು ಮಂದಿಯೂ ಒಂದು ಚೆಂಡೂ ತೊಂಬತ್ತು ನಿಮಿಷವೂ ಅಂದಿನಂತೆಯೇ ಇವೆ. ಬದಲಾದುದು ಆಟವನ್ನು ಸುತ್ತುವರಿದ ಬದುಕು.

ಆ ಜನ ಮೊದಲು ಅಂಗಳಕ್ಕೆ ಬಂದುದಾದರೂ ಹೇಗೆ? 1850ರ ಕಾರ್ಖಾನೆ ಕಾಯಿದೆಯು ಬಟ್ಟೆಯ ಗಿರಣಿಗಳು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲತಕ್ಕದ್ದೆಂದು ವಿಧಿಸಿತು. ಕ್ರಮೇಣ ಇತರ ಕಸುಬುಗಳವರಿಗೂ ಆ ಅರ್ಧ ದಿನದ ಬಿಡುವು ದೊರೆಯಿತು. ಗಿರಣಿಯಿಂದ ಹೊರಬಿದ್ದ ದುಡಿಮೆಗಾರನು ಕೈಕಾಲು ತೊಳೆದು ನಡೆದುಬರುವ ಹೊತ್ತಿಗೆ ಸರಿಯಾಗಿ 3 ಗಂಟೆಗೆ ಆಟ ಮೊದಲಾಗುವ ಪದ್ಧತಿ ರೂಢಿಗೆ ಬಂದಿತು. 1888ರಲ್ಲಿ ಹನ್ನೆರಡು ಸಂಘಗಳು ಕೂಡಿ ಲೀಗನ್ನು ಆರಂಭಿಸಿದಾಗ ಅವೆಲ್ಲವೂ ಗಿರಣಿ ಕುಲುಮೆಗಳ ಊರುಗಳವೇ. ಇಂದು ನಮ್ಮ ಹುಡುಗರು ಯಾರ ಅಂಗಿಗಳನ್ನು ತೊಟ್ಟು ತಿರುಗುವರೋ ಆ ಪ್ರಖ್ಯಾತ ಸಂಘಗಳ ಹುಟ್ಟನ್ನು ಅರಸಿದರೆ ದುಡಿಯುವವರ ಕೈಗಳೇ ಕಾಣುತ್ತವೆ: ಮ್ಯಾಂಚೆಸ್ಟರ್ ಯುನೈಟೆಡ್ ಸಂಘವು ನ್ಯೂಟನ್ ಹೀತ್ ಎಂಬಲ್ಲಿನ ರೈಲ್ವೆ ನೌಕರರು 1878ರಲ್ಲಿ ಕಟ್ಟಿಕೊಂಡದ್ದು, ಆರ್ಸೆನಲ್ ಸಂಘವು ವೂಲಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯವರು 1886ರಲ್ಲಿ ಸ್ಥಾಪಿಸಿದ್ದು, ವೆಸ್ಟ್ ಹ್ಯಾಮ್ ಸಂಘಕ್ಕೆ ಮೂಲವಾದುದು ಥೇಮ್ಸ್ ದಂಡೆಯ ಹಡಗು ಕಟ್ಟುವ ಕಾರ್ಖಾನೆ. ಆಡುವವನೂ ನೋಡುವವನೂ ಒಂದೇ ಬೀದಿಯವರಾಗಿದ್ದ ಆ ಕಾಲದಲ್ಲಿ ತಂಡದ ಗೆಲುವು ಸೋಲುಗಳು ಬೀದಿಯ ಗೆಲುವು ಸೋಲುಗಳೇ ಆಗಿದ್ದವು.

1923ರ ಏಪ್ರಿಲ್ 28ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ ತೆರೆದ ದಿನ, ಇದೇ ವೆಸ್ಟ್ ಹ್ಯಾಮ್ ತಂಡಕ್ಕೂ ಬೋಲ್ಟನ್ ತಂಡಕ್ಕೂ ನಡೆದ ಎಫ್‌ಎ ಕಪ್ಪಿನ ಅಂತಿಮ ಪಂದ್ಯಕ್ಕೆ ಲೆಕ್ಕಕ್ಕೆ ಸಿಕ್ಕವರೇ 1,26,047 ಮಂದಿ. ಗೋಡೆ ಹಾರಿ ಬಂದವರನ್ನೂ ಸೇರಿಸಿದರೆ 2 ಲಕ್ಷವನ್ನು ಮೀರಿತ್ತೆಂದು ಅಂದಾಜು. ಅಂಗಳದೊಳಕ್ಕೆ ಚೆಲ್ಲಿದ ಜನವನ್ನು ಕುದುರೆಯೇರಿದ ಪೊಲೀಸರು ಮೆಲ್ಲಮೆಲ್ಲನೆ ಗೆರೆಯಾಚೆಗೆ ಸರಿಸಿದ ಮೇಲೆಯೇ ಆಟ ಆರಂಭವಾದುದು. 1937ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹ್ಯಾಂಪ್ಡನ್ ಪಾರ್ಕಿನಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡ್‌ಗಳ ಪಂದ್ಯಕ್ಕೆ ಸುಮಾರು 1 ಲಕ್ಷ 49 ಸಾವಿರ ಮಂದಿ ನೆರೆದರು. ಜನಸಂಖ್ಯೆಯ ಪ್ರಮಾಣವನ್ನು ಹಿಡಿದು ನೋಡಿದರೆ ಆ ಪುಟ್ಟ ದೇಶವು ಇಂದಿಗೂ ಈ ವಿಷಯದಲ್ಲಿ ಯೂರೋಪಿನ ಅಗ್ರಪಂಕ್ತಿಯಲ್ಲಿದೆ.

ಇಂಗ್ಲೆಂಡಿನಲ್ಲಿ ಅನಂತರ ಕಂಡ ಇಳಿತಕ್ಕೆ ಕಾರಣಗಳು ಹಲವು. ಕೈಯಲ್ಲಿ ಹಣ ಓಡಾಡತೊಡಗಿದ ಮೇಲೆ ಕಾರು ಬಂದಿತು, ಶನಿವಾರ ಸಂಸಾರದೊಡನೆ ಊರಾಚೆಗೆ ಹೋಗುವ ಅಭ್ಯಾಸ ಬಂದಿತು. 1964ರಿಂದ ಪ್ರತಿ ವಾರವೂ ಆಟದ ಆಯ್ದ ಭಾಗಗಳನ್ನು ಮನೆಯ ಟೆಲಿವಿಷನ್ ತೋರಿಸಲಾರಂಭಿಸಿತು. ಹಳೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಇವೆಲ್ಲಕ್ಕಿಂತ ಮಿಗಿಲಾಗಿ ಜನರನ್ನು ದೂರಮಾಡಿದುದು ಅಂಗಳದ ದುರವಸ್ಥೆಯೂ ಅಲ್ಲಿನ ಹೊಡೆದಾಟಗಳೂ. 1985ರ ಮೇ ತಿಂಗಳೊಂದರಲ್ಲಿಯೇ ಬ್ರಾಡ್‌ಫರ್ಡಿನ ಮರದ ಗ್ಯಾಲರಿಗೆ ಬೆಂಕಿ ಬಿದ್ದು 56 ಮಂದಿಯೂ, ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದ ಗಲಭೆಯಲ್ಲಿ ಗೋಡೆ ಕುಸಿದು 39 ಮಂದಿಯೂ ಮೃತರಾದರು. ಜನರನ್ನು ಅಂಕೆಯಲ್ಲಿಡಲೆಂದು ಗ್ಯಾಲರಿಯ ಮುಂದೆ ಉಕ್ಕಿನ ಬೇಲಿಗಳನ್ನು ನಿಲ್ಲಿಸಿದ್ದರಷ್ಟೆ; 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋದಲ್ಲಿ ಆ ಬೇಲಿಗಳಿಗೇ ಒತ್ತರಿಸಲ್ಪಟ್ಟು ಪ್ರಾಣ ಬಿಟ್ಟವರು 97 ಮಂದಿ. ಸತ್ತವರ ಮೇಲೆಯೇ ಅಂದು ದೋಷಾರೋಪಣೆ ಬಂದಿತು. ಅವರ ತಾಯಿತಂದೆಯರು ಇಪ್ಪತ್ತೇಳು ವರುಷ ಹೋರಾಡಿದ ಮೇಲೆ, 2016ರಲ್ಲಿ, ಪ್ರೇಕ್ಷಕರದು ಏನೇನೂ ತಪ್ಪಿರಲಿಲ್ಲವೆಂಬ ನಿರ್ಣಯವನ್ನು ನ್ಯಾಯಪಂಚರು ಕೊಟ್ಟರು. ನೋಡಲು ಬಂದವನನ್ನು ಅತಿಥಿಯೆಂದು ಭಾವಿಸದೆ ಉಪದ್ರವವೆಂದು ಭಾವಿಸಿದ ವ್ಯವಸ್ಥೆ ಎಂತಹ ಘೋರಕ್ಕೆ ಎಡೆಗೊಡುವುದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಡ.

ಅನಂತರದ ಏರಿಕೆ ಈ ದುರಂತದ ಪಾಠದಿಂದಲೇ ಮೊದಲಾಯಿತು. ನ್ಯಾಯಮೂರ್ತಿ ಟೇಲರ್ ಅವರ 1990ರ ವರದಿಯಂತೆ ದೊಡ್ಡ ಕ್ರೀಡಾಂಗಣಗಳಲ್ಲಿ ಬೇಲಿಗಳು ಹೋಗಿ ಪ್ರತಿಯೊಬ್ಬನಿಗೂ ಆಸನ ಬಂದಿತು. ಹೆಂಗಸರೂ ಮಕ್ಕಳೂ ನಿರ್ಭೀತಿಯಿಂದ ಬರತೊಡಗಿದರು. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದಾಗ ಪಂದ್ಯವೊಂದಕ್ಕೆ 21 ಸಾವಿರದಷ್ಟಿದ್ದ ಸರಾಸರಿ ಈಗ 40 ಸಾವಿರದ ಸುಮಾರಿಗೆ ಮುಟ್ಟಿದೆ. ಟೆಲಿವಿಷನ್ನಿನಲ್ಲಿ ಆಟ ತೋರಿಸಿದರೆ ಅಂಗಳ ಬರಿದಾಗುವುದೆಂದು ಹಿಂದಿನವರು ಅಂಜಿದ್ದರು. ಟೆಲಿವಿಷನ್ ಅತ್ಯಧಿಕವಾಗಿ ತೋರಿಸಿದ ಕಾಲದಲ್ಲಿಯೇ ಅಂಗಳ ತುಂಬಿತು. ಆದರೆ ಟಿಕೀಟಿನ ಬೆಲೆಯೂ ಜೊತೆಜೊತೆಗೆ ಏರಿ, ಯಾವ ಗಿರಣಿಯವರ ಮಕ್ಕಳು ಈ ಸಂಘಗಳನ್ನು ಕಟ್ಟಿದರೋ ಅವರ ಮೊಮ್ಮಕ್ಕಳಿಗೆ ಒಳಗೆ ಸ್ಥಳ ದುರ್ಲಭವಾಯಿತು. ಈ ವಿಷಯದಲ್ಲಿ ನನಗೆ ಜರ್ಮನಿಯ ಮಾರ್ಗವೇ ಹೆಚ್ಚು ಶ್ಲಾಘ್ಯವೆಂದು ತೋರುತ್ತದೆ. ಅಲ್ಲಿ 1971ರಲ್ಲಿ ಪಂದ್ಯಗಳನ್ನು ಮಾರಿಕೊಂಡ ಹಗರಣ ಬಯಲಾಗಿ, ಮೋಸಹೋದ ಜನ ಮುನಿದು ಮನೆಯಲ್ಲುಳಿದು, ಸರಾಸರಿ 20 ಸಾವಿರಕ್ಕಿಂತ ಕೆಳಕ್ಕಿಳಿದಿತ್ತು. ಇಂದು ಅದು 40 ಸಾವಿರದ ಆಸುಪಾಸಿನಲ್ಲಿದೆ. ಸಂಘದ ಮತಾಧಿಕಾರದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸದಸ್ಯರಾದ ಊರವರ ಕೈಯಲ್ಲಿಯೇ ಇರತಕ್ಕದ್ದೆಂಬ ನಿಯಮವನ್ನು ಕೆಲವೇ ವಿನಾಯಿತಿಗಳೊಡನೆ ಅವರು ಬಿಟ್ಟುಕೊಟ್ಟಿಲ್ಲ. ಕಡಿಮೆ ಬೆಲೆಗೆ ನಿಂತು ನೋಡುವ ಸ್ಥಳಗಳನ್ನೂ ಉಳಿಸಿಕೊಂಡಿದ್ದಾರೆ. ಡಾರ್ಟ್‌ಮಂಡ್ ನಗರದ ಕ್ರೀಡಾಂಗಣದ ಒಂದು ಪಾರ್ಶ್ವದಲ್ಲಿಯೇ ಸುಮಾರು 25 ಸಾವಿರ ಮಂದಿ ಹಳದಿಯುಟ್ಟು ನಿಲ್ಲುತ್ತಾರೆ.

ಇಟಲಿಯ ಕಥೆ ಬೇರೆ. ಮರಡೋನಾ, ಪ್ಲಾಟಿನಿ ಮೊದಲಾದವರು ಆಡುತ್ತಿದ್ದ 1980ರ ದಶಕದ ನಡುವಿನಲ್ಲಿ 38 ಸಾವಿರದಷ್ಟಿದ್ದ ಸರಾಸರಿ, ಹಳಸಿದ ಕ್ರೀಡಾಂಗಣಗಳು, 2006ರ ರೆಫರಿಗಳ ಹಗರಣ, ಗಲಭೆಗಳು ಇವುಗಳ ದೆಸೆಯಿಂದ 20 ಸಾವಿರದೊಳಕ್ಕೆ ಕುಸಿದು, ಇತ್ತೀಚೆಗಷ್ಟೆ ಚೇತರಿಸಿಕೊಂಡು 30 ಸಾವಿರಕ್ಕೆ ಬಂದಿದೆ. ಹಂಗರಿಯಲ್ಲಿ 1954ರಲ್ಲಿ ಇಂಗ್ಲೆಂಡನ್ನು 7-1ರಿಂದ ಸೋಲಿಸಿದ ತಂಡವನ್ನು ನೋಡಲು ಬುಡಾಪೆಸ್ಟಿನಲ್ಲಿ 92 ಸಾವಿರ ಮಂದಿ ಕೂಡಿದ್ದರು. ಈಗ ಅಲ್ಲಿನ ಲೀಗಿಗೆ ಕೆಲವೇ ಸಾವಿರ. ಇನ್ನು, ಹೆಣ್ಣುಮಕ್ಕಳ ಆಟದ ವಿಷಯವನ್ನು ಹೇಳದೆ ಮುಂದೆ ಹೋಗಲು ಮನಸ್ಸೊಪ್ಪದು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲಿನಲ್ಲಿ ಡಿಕ್ ಕೆರ್ ಕಾರ್ಖಾನೆಯ ಹುಡುಗಿಯರ ತಂಡದ ಪಂದ್ಯಕ್ಕೆ 53 ಸಾವಿರ ಮಂದಿ ಬಂದಿದ್ದರು. ಮರುವರುಷವೇ, ಈ ಆಟ ಸ್ತ್ರೀಯರಿಗೆ ತಕ್ಕುದಲ್ಲವೆಂದು ಇಂಗ್ಲೆಂಡಿನ ಫುಟ್‌ಬಾಲ್ ಮಂಡಲಿಯು ತನ್ನ ಸಂಘಗಳ ಅಂಗಳಗಳನ್ನು ಅವರಿಗೆ ಮುಚ್ಚಿತು. ಆ ನಿಷೇಧ ಅರ್ಧ ಶತಮಾನ ನಡೆಯಿತು. 2022ರ ಏಪ್ರಿಲಿನಲ್ಲಿ ಬಾರ್ಸಿಲೋನಾದ ಹೆಣ್ಣುಮಕ್ಕಳ ತಂಡವನ್ನು ನೋಡಲು 91,648 ಮಂದಿ ನೆರೆದರೆಂಬುದನ್ನು ಓದಿದಾಗ, ಮುಚ್ಚಿದ್ದ ಆ ಐವತ್ತು ವರುಷಗಳಲ್ಲಿ ಆಡಲಾಗದೆ ಉಳಿದವರು ಎಷ್ಟು ಮಂದಿಯೋ ಎಂದು ವ್ಯಥೆಯಾಗುತ್ತದೆ.

ಈಗ ನಮ್ಮ ನಾಡಿಗೆ ಬರೋಣ. ಕರ್ನಾಟಕದಲ್ಲಿ ಕಾಲ್ಚೆಂಡಾಟದ ತವರು ಬೆಂಗಳೂರಿನ ದಂಡು ಪ್ರದೇಶ. ಬ್ರಿಟಿಷ್ ರೆಜಿಮೆಂಟುಗಳ ಸೈನಿಕರು ಆಡುತ್ತಿದ್ದುದನ್ನು ಅಂಚಿನಲ್ಲಿ ನಿಂತು ನೋಡಿದ ಅಲಸೂರು, ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನುಗಳ ಹುಡುಗರು ಬರಿಗಾಲಿನಲ್ಲಿಯೇ ಆ ವಿದ್ಯೆಯನ್ನು ವಶಮಾಡಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು, ಅಂದು ಕಲ್ಕತ್ತೆಯ ಲೀಗಿನಲ್ಲಿ ಅಜೇಯವೆನಿಸಿಕೊಂಡಿದ್ದ ಮೊಹಮೆಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ಗೆದ್ದಿತು. ಸೈನ್ಯದ ತಂಡಗಳದೇ ಸೊತ್ತಾಗಿದ್ದ ಆ ಕಪ್ಪನ್ನು ಎತ್ತಿದ ಪ್ರಥಮ ಭಾರತೀಯ ನಾಗರಿಕ ತಂಡ ಅದು. ಮರುವರುಷವೂ ಗೆದ್ದಿತು; 1948ರಲ್ಲಿ ಮತ್ತೊಮ್ಮೆ. 1938ರಲ್ಲಿ ಬೆಂಗಳೂರಿನಲ್ಲಿಯೇ ಸ್ಟ್ಯಾಫರ್ಡ್ ಕಪ್ ಪಂದ್ಯಾವಳಿ ಹುಟ್ಟಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ 2-1ರಿಂದ ಸೋತ ಭಾರತ ತಂಡದ ಬಹುಮಂದಿ ಬರಿಗಾಲಿನಲ್ಲಿ ಆಡಿದವರು. ಆ ತಂಡದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘದಲ್ಲಿ ಪಂಚಪಾಂಡವರೆಂದು ಜನ ಕರೆದ ಐವರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಈ ಊರಿನಿಂದ ಹೋದವರೇ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯವು 1946-47, 1952-53, 1967-68, 1968-69ರಲ್ಲಿ ಗೆದ್ದುಕೊಂಡಿತು.

ಮ್ಯಾಂಚೆಸ್ಟರಿನ ರೈಲ್ವೆ ನೌಕರರಿಗೂ ವೂಲಿಚ್‌ನ ಕಾರ್ಖಾನೆಯವರಿಗೂ ಸಮಾನವಾದವರು ಇಲ್ಲಿಯೂ ಇದ್ದರು. 1940ರಲ್ಲಿ ಆರಂಭವಾದ ಎಚ್‌ಎಎಲ್ ವಿಮಾನ ಕಾರ್ಖಾನೆ, 1948ರಲ್ಲಿ ಆರಂಭವಾದ ಐಟಿಐ ದೂರವಾಣಿ ಕಾರ್ಖಾನೆ ಇವು ಆಟಗಾರರಿಗೆ ನೌಕರಿ ಕೊಟ್ಟು ತಂಡಗಳನ್ನು ಸಾಕಿದವು. ಸೈನ್ಯದ ಎಂಇಜಿ ತಂಡವೂ ಇದ್ದಿತು. ಪಾಳಿ ಮುಗಿಸಿದ ಕೆಲಸಗಾರನಿಗೆ ತನ್ನ ಪಕ್ಕದ ಯಂತ್ರದಲ್ಲಿ ದುಡಿಯುವವನನ್ನು ಸಂಜೆ ಅಂಗಳದಲ್ಲಿ ನೋಡುವ ಭಾಗ್ಯ ಉಂಟಾಗಿತ್ತು. ಆದರೆ ಇಂಗ್ಲೆಂಡಿನ ಕಾರ್ಖಾನೆಯ ತಂಡಗಳು ಕಾಲಕ್ರಮದಲ್ಲಿ ಊರಿನ ಸಂಘಗಳಾಗಿ ಬೆಳೆದಂತೆ ಇಲ್ಲಿಯವು ಬೆಳೆಯಲಿಲ್ಲ. ಕಾರ್ಖಾನೆಯ ಮುದ್ರೆ ಕಳಚಿ ಊರಿನ ಹೆಸರು ಅಂಟಲಿಲ್ಲ. ಐಟಿಐ ರಾಷ್ಟ್ರೀಯ ಲೀಗಿನಲ್ಲಿ ಆಡಿತು, ಎಚ್‌ಎಎಲ್ 2010ರ ಸುಮಾರಿಗೆ ಐ-ಲೀಗಿಗೆ ಏರಿತು. ಸಂಸ್ಥೆಗಳಲ್ಲಿ ಆಟಗಾರರ ನೇಮಕ ಕುಂದಿದೊಡನೆ ತಂಡಗಳೂ ಸೊರಗಿದವು. ಉತ್ತಮ ಆಟಗಾರರು ಹೆಚ್ಚು ಸಂಭಾವನೆ ದೊರೆಯುವ ಕಲ್ಕತ್ತೆಗೆ ಹೋಗುವುದಂತೂ ಬಹು ಹಿಂದಿನಿಂದಲೇ ನಡೆದುಬಂದಿತ್ತು. ಇತ್ತ 1983ರ ವಿಶ್ವಕಪ್ಪಿನ ಗೆಲುವಿನ ಬಳಿಕ ಟೆಲಿವಿಷನ್ನಿನ ಮೂಲಕ ಕ್ರಿಕೆಟ್ಟು ಮನೆಮನೆಯನ್ನೂ ಹೊಕ್ಕಿತು. ಕ್ರಿಕೆಟ್ಟನ್ನು ದೂರಿ ಪ್ರಯೋಜನವಿಲ್ಲ; ಜನರು ಹಿಡಿದುಕೊಳ್ಳಲು ಕಾಲ್ಚೆಂಡಿನಲ್ಲಿ ತಮ್ಮದೆನ್ನುವಂಥ ತಂಡವೊಂದು ಉಳಿದಿರಲಿಲ್ಲವೆಂಬುದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಇದಕ್ಕೆ ಪುಷ್ಟಿ ಕೊಡುವುದು 2013ರ ತರುವಾಯದ ಇತಿಹಾಸ. ಆ ವರುಷ ಊರಿನ ಹೆಸರನ್ನೇ ಹೊತ್ತು ಹುಟ್ಟಿದ ಬೆಂಗಳೂರು ಎಫ್‌ಸಿ ತಂಡವು ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದಿತು. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದ ಪಡುವಣ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ಕುಳಿತ ತರುಣರು ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ತಮ್ಮನ್ನು ಕರೆದುಕೊಂಡರು; ತಂಡವು 2014ರಲ್ಲಿ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋದಾಗ ಅವರೂ ಅಲ್ಲಿಗೆ ಹೋದರು. 2016ರಲ್ಲಿ ಎಎಫ್‌ಸಿ ಕಪ್ಪಿನ ಸೆಮಿಫೈನಲಿನಲ್ಲಿ ಮಲೇಷ್ಯದ ಜೊಹೋರ್ ತಂಡವನ್ನು ಇದೇ ಅಂಗಳದಲ್ಲಿ 3-1ರಿಂದ ಸೋಲಿಸಿ ಬೆಂಗಳೂರು ತಂಡವು ಫೈನಲಿಗೇರಿತು. 2023ರ ಜುಲೈ 4ರಂದು ದಕ್ಷಿಣ ಏಷ್ಯದ ಪಂದ್ಯಾವಳಿಯ ಫೈನಲಿನಲ್ಲಿ ಭಾರತವು ಕುವೈತನ್ನು ಗೆದ್ದಾಗ, 25 ಸಾವಿರ ಹಿಡಿಯುವ ಕಂಠೀರವವು ಕಿಕ್ಕಿರಿದು, ಇಡೀ ಅಂಗಳ ಒಕ್ಕೊರಲಿನಿಂದ ವಂದೇ ಮಾತರಂ ಹಾಡಿತು.

ಆದರೆ ಜನ ಬರುವುದು ಎಷ್ಟು ಸುಲಭವೋ ಬಾರದಿರುವುದೂ ಅಷ್ಟೇ ಸುಲಭ. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಆರಂಭವಾದಾಗ ಪಂದ್ಯಕ್ಕೆ 24 ಸಾವಿರದಷ್ಟು ಸರಾಸರಿ ಜನ ಬಂದುದನ್ನು ಕಂಡು ಲೋಕವೇ ಬೆರಗಾಯಿತು. ಕೆಲವೇ ವರುಷಗಳಲ್ಲಿ ಆ ಸಂಖ್ಯೆ ಬಹಳ ತಗ್ಗಿತು. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತವು ಚೈನೀಸ್ ತೈಪೆಯನ್ನು ಐದು ಗೋಲುಗಳಿಂದ ಸೋಲಿಸಿದಾಗ ನೋಡಿದವರು 2,569 ಮಂದಿ ಮಾತ್ರ. ಭಾರತ ತಂಡದ ನಾಯಕರೂ ಬೆಂಗಳೂರು ತಂಡದ ಜೀವಾಳವೂ ಆಗಿದ್ದ ಸುನಿಲ್ ಛೆಟ್ರಿ ಮರುದಿನ, ನಮ್ಮನ್ನು ಬೈಯುವುದಕ್ಕಾದರೂ ಅಂಗಳಕ್ಕೆ ಬನ್ನಿರೆಂದು ಕೈಜೋಡಿಸಿ ಬೇಡಿಕೊಂಡರು; ಮುಂದಿನ ಪಂದ್ಯಕ್ಕೆ ಟಿಕೀಟುಗಳೆಲ್ಲ ಮುಗಿದುಹೋದವು. ಇನ್ನೊಂದು ಕಡೆ, 2023ರ ಮಾರ್ಚಿನಲ್ಲಿ ಕರ್ನಾಟಕವು ಐವತ್ತನಾಲ್ಕು ವರುಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮೇಘಾಲಯದ ವಿರುದ್ಧ 3-2ರಿಂದ ಗೆದ್ದಿತಾದರೂ ಆ ಫೈನಲು ನಡೆದುದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ. ಅರ್ಧ ಶತಮಾನ ಕಾದ ನಾಡಿನ ಜನಕ್ಕೆ ಆ ಗೆಲುವನ್ನು ಕಣ್ಣಾರೆ ಕಾಣುವ ಅವಕಾಶವೇ ಸಿಗಲಿಲ್ಲವಲ್ಲ ಎಂಬ ಕೊರಗು ನನಗೆ ಇಂದಿಗೂ ಹೋಗಿಲ್ಲ.

ನಮ್ಮ ಈ ಸೀಮೆಯಲ್ಲಿ ಕಾಲ್ಚೆಂಡಾಟಕ್ಕೆ ಜನ ಸೇರುವ ಸ್ಥಳವೆಂದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ನೆಲೆನಿಂತ ಟಿಬೆಟಿಯನ್ನರು ದೊಡ್ಡ ಬೇಸಾಯಗಾರರಾದಂತೆಯೇ ಈ ಆಟದ ಭಕ್ತರೂ ಆದರು. ದಲಾಯಿ ಲಾಮಾ ಅವರ ಮಾತೃಶ್ರೀಯ ಸ್ಮರಣಾರ್ಥವಾಗಿ ಟಿಬೆಟಿಯನ್ ವಸತಿಗಳ ತಂಡಗಳ ನಡುವೆ ನಡೆಯುವ ಚಿನ್ನದ ಕಪ್ಪಿನ ಪಂದ್ಯಾವಳಿಗೆ ಮುದುಕರಿಂದ ಮೊದಲ್ಗೊಂಡು ಕೂಸುಗಳವರೆಗೆ ಎಲ್ಲರೂ ಬಂದು ಕೂಡುತ್ತಾರೆ. ದೇಶವನ್ನು ಕಳೆದುಕೊಂಡ ಈ ಜನರ ತಂಡವೊಂದು 2001ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಹೋಗಿ ಗ್ರೀನ್‌ಲೆಂಡಿನ ಎದುರು ಆಡಿ 4-1ರಿಂದ ಸೋತಾಗ, ಹೆಸರೇ ಕೇಳದಿದ್ದ ಆ ಆಟಗಾರರನ್ನು ನೋಡಲು ಯೂರೋಪಿನ ಸುಮಾರು 5 ಸಾವಿರ ಮಂದಿ ಟಿಕೀಟು ಕೊಂಡು ಬಂದಿದ್ದರು. ಪಕ್ಕದ ಕೊಡಗಿನಲ್ಲಿ ಆಟ ಹಾಕಿಯಾದರೂ ತತ್ತ್ವ ಇದೇ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಒಕ್ಕಗಳ, ಎಂದರೆ ಮನೆತನಗಳ, ತಂಡಗಳಿಂದ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ಒಕ್ಕಗಳು ಬಂದವು. ತಂದೆ, ಮಗ, ಸೊಸೆ ಒಂದೇ ತಂಡದಲ್ಲಿ ಆಡುವಾಗ ಇಡೀ ಒಕ್ಕ ಗ್ಯಾಲರಿಯಲ್ಲಿ ಕುಳಿತಿರುತ್ತದೆ. ಪ್ರೇಕ್ಷಕರನ್ನು ಕರೆತರಲು ಅಲ್ಲಿ ಯಾವ ಜಾಹೀರಾತೂ ಬೇಕಾಗಿಲ್ಲ.

ಆದರೆ ನೆರೆದ ಜನರ ಕ್ಷೇಮವನ್ನು ಮರೆತರೆ ಏನಾಗುವುದೆಂಬುದನ್ನೂ ನಾವು ಕಂಡಿದ್ದೇವೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ, ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆ ಬಂದವರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಅಸುನೀಗಿದರು. ಹಿಲ್ಸ್‌ಬರೋದಿಂದ ಇಂಗ್ಲೆಂಡು ಕಲಿತುದನ್ನು ನಾವು ನಮ್ಮವರ ಸಾವಿನಿಂದಲೇ ಕಲಿಯಬೇಕಾಗಿ ಬಂದುದು ದುಃಖದ ವಿಷಯ. ಕಲಿತುದನ್ನು ಮರೆತರೆ ಅದಕ್ಕಿಂತ ದೊಡ್ಡ ಅಪರಾಧ ಮತ್ತೊಂದಿಲ್ಲ.

ಸಾಲಿಗ್ರಾಮವು ಈಗ ತಾಲ್ಲೂಕು ಕೇಂದ್ರವಾಗಿದೆ. ಇಲ್ಲಿಯಾಗಲಿ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿಯಾಗಲಿ ಆಟದ ಬಯಲಿಗೆ ನಕ್ಷೆ ಬರೆಯುವ ಅಧಿಕಾರಿಗಳಲ್ಲಿಯೂ ಜನಪ್ರತಿನಿಧಿಗಳಲ್ಲಿಯೂ ನನ್ನ ವಿನಂತಿಯೊಂದುಂಟು: ಆಡುವವರಿಗೆ ಎಷ್ಟು ಲಕ್ಷ್ಯ ಕೊಡುವಿರೋ ನೋಡುವವರಿಗೂ ಅಷ್ಟು ಕೊಡಿ, ಹತ್ತು ಸಾಲು ಮೆಟ್ಟಿಲು, ತಲೆಯ ಮೇಲೆ ನೆರಳು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ಹೊರಕ್ಕೆ ತೆರೆಯುವ ಅಗಲವಾದ ಬಾಗಿಲುಗಳು ಇವನ್ನು ಮೊದಲ ನಕ್ಷೆಯಲ್ಲಿಯೇ ಸೇರಿಸಿ. ವಾಚಕರಲ್ಲಿ ಬೇಡುವುದು ಇನ್ನೂ ಸಣ್ಣದು. ಮೊಬೈಲಿನಲ್ಲಿ ಅರ್ಧರಾತ್ರಿಯವರೆಗೆ ಮ್ಯಾಂಚೆಸ್ಟರ್, ಮ್ಯಾಡ್ರಿಡ್‌ಗಳ ಆಟ ನೋಡುವ ಮಕ್ಕಳನ್ನು ಒಂದು ಭಾನುವಾರ ಬೈಲುಕುಪ್ಪೆಗೋ, ಬೆಂಗಳೂರಿಗೆ ಹೋದಾಗ ಅಶೋಕನಗರದ ಅಂಗಳಕ್ಕೋ ಕರೆದುಕೊಂಡು ಹೋಗಿ, ನಮ್ಮವರು ಆಡುವುದನ್ನು ಕೊನೆಯ ಸೀಟಿಯವರೆಗೂ ಕುಳಿತು ನೋಡಿರಿ.